ಎರೆಯಿಲ್ಲದ ಬಲೆ

ನಿಮ್ಮನ್ನು ಮನುಷ್ಯರನ್ನು ಹಿಡಿಯುವ ಬೆಸ್ತರಾಗಿ ಮಾಡುತ್ತೇನೆ ಎಂದು ಯೇಸು ಸೀಮೋನ, ಅಂದ್ರೆಯರನ್ನು ಕರೆದ ಪ್ರಸಂಗಕ್ಕೆ ಚಿತ್ರ ಬರೆಯುವವರು ಎಷ್ಟೋ ಸಲ ಒಂದು ಕೋಲು, ಕೋಲಿಗೆ ದಾರ, ದಾರಕ್ಕೆ ಗಾಳ ಕಟ್ಟಿಬಿಡುತ್ತಾರೆ. ಉಪದೇಶ ಮಾಡುವವರಿಗೂ ಅದೇ ಇಷ್ಟ: ಯಾವ ಮೀನಿಗೆ ಯಾವ ಎರೆ ಎಂದು ಶುರುಮಾಡುತ್ತಾರೆ. ಆದರೆ ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಆ ಅಣ್ಣತಮ್ಮಂದಿರ ಕೈಯಲ್ಲಿದ್ದದ್ದು ಬೀಸುಬಲೆ. ಬಲೆಗೆ ಎರೆ ಬೇಕಿಲ್ಲ. ಆಸೆ ತೋರಿಸಿ ಕೊಕ್ಕೆಗೆ ಸಿಕ್ಕಿಸುವ ಕಸುಬೇ ಬೇರೆ, ಸುತ್ತುವರಿದು ದಡಕ್ಕೆ ತರುವ ಕಸುಬೇ ಬೇರೆ.

ಗಾಳಕ್ಕೆ ಬೈಬಲಿನಲ್ಲಿ ಒಳ್ಳೆಯ ಹೆಸರೂ ಇಲ್ಲ. ಸಮಾರ್ಯದ ಸಿರಿವಂತ ಹೆಂಗಸರಿಗೆ ಪ್ರವಾದಿ ಆಮೋಸನು ಹೆದರಿಸುವುದೇ ಗಾಳ ಹಾಕಿ ಎಳೆದೊಯ್ಯುವ ದಿನ ಬರುತ್ತದೆ ಎಂದು. ಯೆಹೆಜ್ಕೇಲನಲ್ಲಿ ನದಿಯ ನಡುವೆ ಮಲಗಿದ ಘಟಸರ್ಪದಂಥ ಈಜಿಪ್ಟಿನ ಅರಸ ಫರೋಹನ ದವಡೆಗೇ ಕೊಕ್ಕೆ ಬೀಳುತ್ತದೆ. ಬಲೆಯೂ ಪೂರ್ತಿ ಪುಣ್ಯವಂತನಲ್ಲ ಅನ್ನಿ. ಹಬಕ್ಕೂಕನ ಮೊದಲ ಅಧ್ಯಾಯದಲ್ಲಿ ಜನಾಂಗಗಳನ್ನು ಮೀನಿನಂತೆ ಬಾಚಿಕೊಳ್ಳುವ ದಂಡಯಾತ್ರಿಕ, ಹೊಟ್ಟೆ ತುಂಬಿಸಿತೆಂದು ತನ್ನ ಬಲೆಗೇ ಬಲಿ ಕೊಟ್ಟು ಧೂಪ ಹಾಕುತ್ತಾನೆ. ಯೆರೆಮೀಯನಲ್ಲಿ ದೇವರು ಬೆಸ್ತರನ್ನು ಕರೆಸುವುದು ತಪ್ಪಿಸಿಕೊಂಡವರನ್ನು ಹಿಡಿಸಲು. ಇವನ್ನೆಲ್ಲ ಕೇಳಿ ಬೆಳೆದ ಕಿವಿಗೆ ‘ಮನುಷ್ಯರನ್ನು ಹಿಡಿಯುವುದು’ ಅಷ್ಟು ಹಿತವಾದ ಮಾತಾಗಿರಲಾರದು. ಹಾಗಿದ್ದೂ ಇಬ್ಬರೂ ಬಲೆ ಬಿಟ್ಟು ಎದ್ದರು.

ಗಲಿಲಾಯ ಸಮುದ್ರ ಹೆಸರಿಗಷ್ಟೇ ಸಮುದ್ರ. 21 ಕಿ.ಮೀ. ಉದ್ದ, 13 ಕಿ.ಮೀ. ಅಗಲದ ಸಿಹಿನೀರಿನ ಸರೋವರ. ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಅಲ್ಲಿನ ಬೀಸುಬಲೆ ಆರೆಂಟು ಮೀಟರ್ ಅಗಲದ ವೃತ್ತ, ಅಂಚಿಗೆಲ್ಲ ಸೀಸದ ಗುಂಡು. ಎಸೆದದ್ದು ಗಾಳಿಯಲ್ಲೇ ಪೂರ್ತಿ ಅರಳಬೇಕು. ಒಂದು ಬದಿ ಮೊದಲು ನೀರಿಗೆ ಬಿದ್ದರೆ ಮೀನು ಇನ್ನೊಂದು ಬದಿಯಿಂದ ಜಾಗ ಖಾಲಿ ಮಾಡುತ್ತದೆ. ಸರಿಯಾಗಿ ಬಿದ್ದ ಮೇಲೂ ಕೆಲಸ ಮುಗಿಯದು, ಬೆಸ್ತನೇ ಮುಳುಗಿ ತಳದ ಅಂಚನ್ನು ಒಟ್ಟುಗೂಡಿಸಬೇಕು. ಯೋಹಾನನ ಕೊನೆಯ ಅಧ್ಯಾಯದಲ್ಲಿ ಪೇತ್ರ (ಅದೇ ಸೀಮೋನ) ಮೇಲಂಗಿ ಇಲ್ಲದೆ ದೋಣಿಯಲ್ಲಿದ್ದದ್ದು ಏಕೆಂದು ಇಂಥ ಕೆಲಸ ಮಾಡುವವರು ಕೇಳುವುದಿಲ್ಲ.

ಲೂಕನ ಐದನೆಯ ಅಧ್ಯಾಯ ಅರ್ಥವಾಗಬೇಕಾದರೆ ಮಾತ್ರ ಬಲೆಯ ಹತ್ತಿರ ಕೂತೇ ನೋಡಬೇಕು. ಸರೋವರದ ದಡದ ಐನ್ ಗೇವ್ ಕಿಬ್ಬುತ್ಸಿನಲ್ಲಿ, ಅಂದರೆ ಇಸ್ರೇಲಿನ ಸಾಮೂಹಿಕ ಕೃಷಿಗ್ರಾಮದಲ್ಲಿ, ಮೀನುಗಾರನಾಗಿದ್ದು, ಆ ಸರೋವರದ ಹಳೆಯ ಬಲೆಗುಂಡುಗಳನ್ನೂ ಕಲ್ಲಿನ ಲಂಗರುಗಳನ್ನೂ ಕೂಡಿಟ್ಟ ಮೆಂಡೆಲ್ ನೂನ್ ಪ್ರಕಾರ ಆ ಅಧ್ಯಾಯದಲ್ಲಿರುವುದು ಮೂರು ಪದರದ ಬಲೆ. ಹೊರಗಿನ ಎರಡು ಪದರಕ್ಕೆ ದೊಡ್ಡ ಕಣ್ಣು, ನಡುವಿನದಕ್ಕೆ ಸಣ್ಣ ಕಣ್ಣು. ಮೀನು ದೊಡ್ಡ ಕಣ್ಣಿನಲ್ಲಿ ನುಗ್ಗಿ, ನಡುವಿನ ಪದರವನ್ನು ತಳ್ಳಿಕೊಂಡೇ ಆಚೆಯ ಕಣ್ಣಿನಿಂದ ಹೊರಟು, ತಾನೇ ಮಾಡಿಕೊಂಡ ಚೀಲದಲ್ಲಿ ಸಿಕ್ಕಿಬೀಳುತ್ತದೆ. ಆ ಕಾಲಕ್ಕೆ ನೈಲಾನ್ ಇಲ್ಲ, ಅಗಸೆ ನಾರಿನ ದಾರ. ಹಗಲಲ್ಲಿ ಅದು ಮೀನಿನ ಕಣ್ಣಿಗೆ ಬೀಳುತ್ತದೆ. ಅದಕ್ಕೇ ರಾತ್ರಿ ದುಡಿಮೆ. ಬೆಳಿಗ್ಗೆ ಲೋಳೆ, ಕೆಸರು ತೊಳೆದು ಹರಡಿ ಒಣಗಿಸದಿದ್ದರೆ ನಾರು ಕೊಳೆಯುತ್ತದೆ. ಇಡೀ ರಾತ್ರಿ ಏನೂ ಸಿಗದೆ, ಇದ್ದ ಬಲೆಯನ್ನೆಲ್ಲ ತೊಳೆಯುತ್ತಿದ್ದವರಿಗೆ ಬಡಗಿಯೊಬ್ಬ ಹಗಲಲ್ಲಿ ಮತ್ತೆ ಆಳಕ್ಕೆ ಹಾಕಿ ಅನ್ನುತ್ತಾನೆ. ಮೀನಿನ ರಾಶಿಗಿಂತ ಮೊದಲ ಪವಾಡ, ಸೀಮೋನ ಅದಕ್ಕೆ ಹೂಂ ಅಂದದ್ದು.

ಯಾಕೋಬ, ಯೋಹಾನರನ್ನು ಕರೆದಾಗ ಅವರು ತಂದೆ ಜೆಬೆದಾಯನ ದೋಣಿಯಲ್ಲಿ ಬಲೆ ಸರಿಮಾಡುತ್ತಿದ್ದರು. ಹರಿದ ಕಡೆಯ ಜೂಲು ಕತ್ತರಿಸಿ, ಗಟ್ಟಿ ಗಂಟು ಸಿಗುವವರೆಗೆ ಬಿಚ್ಚಿ, ಅಲ್ಲಿಂದ ಹೊಸ ದಾರ ಹೆಣೆಯಬೇಕು. ಕಣ್ಣು ದೊಡ್ಡದಾದರೆ ಮೀನು ಜಾರುತ್ತದೆ. ಬಿಗಿಯಾದರೆ ಭಾರವೆಲ್ಲ ಅಲ್ಲೇ ಜಗ್ಗಿ ಪಕ್ಕದ ಹಳೆಯ ಕಣ್ಣು ಕಿತ್ತುಹೋಗುತ್ತದೆ. ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಬೇಡಿ ಎಂಬ ಮಾತು ಈ ಹುಡುಗರಿಗೆ ಬೇಗ ಹೊಳೆದಿರಬೇಕು.

ಇನ್ನು ಎಳೆಬಲೆ. ಉಡುಪಿ, ಮಂಗಳೂರು ಕಡೆ ಕೈರಂಪಣಿ ಎಳೆಯುವುದನ್ನು ಕಂಡವರಿಗೆ ಮತ್ತಾಯನ ಹದಿಮೂರನೆಯ ಅಧ್ಯಾಯದಲ್ಲಿ ಸ್ವರ್ಗರಾಜ್ಯವನ್ನು ಎಳೆಬಲೆಗೆ ಹೋಲಿಸುವ ಸಾಮ್ಯಕ್ಕೆ ವ್ಯಾಖ್ಯಾನ ಬೇಡ. ದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಿಂದ ಸಮಸಮವಾಗಿ ಎಳೆಯಬೇಕು. ಒಂದು ಕಡೆಯವರು ಅವಸರಪಟ್ಟರೆ ಅಥವಾ ತಳದ ಹಗ್ಗ ನೆಲ ಬಿಟ್ಟರೆ ಮೀನು ಹೋಯಿತು. ಬಲೆ ಎಲ್ಲವನ್ನೂ ತರುತ್ತದೆ, ಬೇಡದ್ದನ್ನೂ. ಗಲಿಲಾಯದಲ್ಲಿ ಬೇಡದ್ದು ಎಂದರೆ ಮುಖ್ಯವಾಗಿ ಮೀಸೆಯ ಮೀನು: ಈಜುರೆಕ್ಕೆಯೂ ಪೊರೆಯೂ ಇಲ್ಲದ ಜಲಚರ ತಿನ್ನಬಾರದೆಂದು ಯಾಜಕಕಾಂಡದ ಕಟ್ಟಳೆ, ಇದಕ್ಕೆ ಪೊರೆಯಿಲ್ಲ. ಸಾಮ್ಯದ ಬೆಸ್ತರು ಕೂತುಕೊಂಡು ಆರಿಸುತ್ತಾರೆ. ಕೂತುಕೊಂಡು ಎಂಬುದನ್ನು ಗಮನಿಸಬೇಕು. ನೀರಿನೊಳಗೇ ಆರಿಸಹೊರಟವನ ಬಲೆ ದಡ ಕಾಣುವುದಿಲ್ಲ. ಲೋಕದ ಕೊನೆಯಲ್ಲಿ ಆರಿಸುವ ಕೆಲಸ ದೇವದೂತರದು ಎನ್ನುತ್ತದೆ ಸಾಮ್ಯ. ಹಗ್ಗ ಹಿಡಿದವರಿಗೆ ಅದು ಆಗಾಗ ಮರೆಯುತ್ತದೆ.

ಯೋಹಾನನ ಅದೇ ಕೊನೆಯ ಅಧ್ಯಾಯದಲ್ಲಿ, ಹರಿಯದ ಬಲೆಯಲ್ಲಿ ದೊಡ್ಡ ಮೀನು 153. ಸಂತ ಅಗಸ್ಟೀನ ಒಂದರಿಂದ ಹದಿನೇಳರವರೆಗೆ ಕೂಡಿದರೆ ಇಷ್ಟೇ ಎಂದು ಅದರಲ್ಲಿ ಗೂಢಾರ್ಥ ಕಂಡ. ಪಾಲುಗಾರಿಕೆಯ ದೋಣಿಯಲ್ಲಿ ಮೀನು ಎಣಿಸದೆ ಯಾರೂ ಮನೆಗೆ ಹೋಗುವುದಿಲ್ಲ ಎಂಬುದೂ ಕಾರಣವಾಗಬಹುದು. ಅಂದು ಇದ್ದವರು ಏಳು ಶಿಷ್ಯರು. ತಲೆಗೆ 21, ಮಿಕ್ಕಿದ್ದು ಆರು.

ಹೊಸ ಒಡಂಬಡಿಕೆಯಲ್ಲಿ ಮೀನಿಗೆ ಗಾಳ ಹಾಕುವುದು ಒಂದೇ ಕಡೆ, ಅದೂ ತೆರಿಗೆ ಕಟ್ಟಲು. ದೇವಾಲಯದ ತೆರಿಗೆ ಕೇಳಲು ಕಪೆರ್ನೌಮಿಗೆ ಬಂದವರಿದ್ದಾರೆ. ಯೇಸು ಪೇತ್ರನಿಗೆ ಗಾಳ ಹಾಕು, ಮೊದಲು ಬಂದ ಮೀನಿನ ಬಾಯಲ್ಲಿ ನಾಣ್ಯವಿರುತ್ತದೆ ಅನ್ನುತ್ತಾನೆ. ಹೋಟೆಲುಗಳಲ್ಲಿ ‘ಸೇಂಟ್ ಪೀಟರ್ ಮೀನು’ ಎಂದು ಬಡಿಸುವ ತಿಲಾಪಿಯಾ ಜಾತಿಯ ಮುಷ್ಟ್ ಮುಖ್ಯವಾಗಿ ತೇಲುವ ಸೂಕ್ಷ್ಮಜೀವಿ ತಿಂದು ಬದುಕುವುದರಿಂದ ಗಾಳಕ್ಕೆ ಬೀಳುವುದು ಕಷ್ಟ. ಪೇತ್ರನ ಗಾಳಕ್ಕೆ ಬಿದ್ದದ್ದು ಬಾರ್ಬೆಲ್ ಎಂಬ ಬೇರೆ ಮೀನು ಇದ್ದಿರಬೇಕೆಂಬ ನೂನ್ ಮಾತೇ ಸರಿ ಕಾಣುತ್ತದೆ. ಇಲ್ಲೂ ಎರೆಯ ಸುದ್ದಿಯಿಲ್ಲ. ತಲೆಗೆ ಅರ್ಧ ಶೆಕೆಲ್ ತೆರಿಗೆ, ನಾಣ್ಯ ಇಬ್ಬರಿಗೆ ಸರಿಯಾಯಿತು. ಉಳಿದ ಹನ್ನೊಂದು ಮಂದಿಯದನ್ನು ಯಾರು ಕಟ್ಟಿದರೆಂದು ಮತ್ತಾಯ ಹೇಳುವುದಿಲ್ಲ. ಶಿಷ್ಯನಾಗುವ ಮೊದಲು ಸುಂಕದ ಕಟ್ಟೆಯಲ್ಲಿ ಕೂತಿದ್ದವನು ಅವನೇ.