ಹೊಸ ಜಿಟಿಐ ಕೊಂಡವರೇ, ಮೊದಲು ಗಾಡಿಯ ಸ್ವಭಾವ ಕಲಿಯಿರಿ

ಫೋಕ್ಸ್‌ವ್ಯಾಗನ್ ಕಂಪನಿಯ ಗಾಲ್ಫ್ ಜಿಟಿಐ ಕಾರು ಮನೆಗೆ ಬಂದ ಮೇಲೆ ಕೇಳದವರೇ ಇಲ್ಲ, ಎಷ್ಟು ಸ್ಪೀಡ್ ಹೋಗುತ್ತದೆ ಅಂತ. ಸೊನ್ನೆಯಿಂದ ಗಂಟೆಗೆ ನೂರು ಕಿಲೋಮೀಟರ್ ವೇಗಕ್ಕೆ 5.9 ಸೆಕೆಂಡ್ ಎಂದು ಕಂಪನಿಯೇ ಹೇಳಿದೆ. ಕೇಳಿದವರಿಗೆ ಅದನ್ನೇ ಹೇಳುತ್ತೇನೆ. ಆದರೆ ಈ ಗಾಡಿ ಹೇಗಿದೆ ಅನ್ನುವುದಕ್ಕೂ ಆ ಅಂಕಿಗೂ ಸಂಬಂಧ ಕಡಿಮೆ. ಅದನ್ನು ತಿಳಿಯೋಕೆ ತಿಂಗಳುಗಟ್ಟಲೆ ಬೇಕು, ತಾಳ್ಮೆ ಬೇಕು, ಮತ್ತೆ ಯಾರಾದರೂ ಕೂರಿಸಿ ಹೇಳಿಕೊಡಬೇಕು. ಆ ಕೊನೆಯದು ನಮ್ಮಲ್ಲಿ ನಡೆಯುವುದೇ ಇಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಜಿಟಿಐ ಜರ್ಮನಿಯಲ್ಲಿ ಮಾರಾಟಕ್ಕೆ ಬಂದದ್ದು 1976ರಲ್ಲಿ. ನಮ್ಮ ದೇಶಕ್ಕೆ ಗಾಲ್ಫ್ ಜಿಟಿಐ ಬಂದದ್ದು 2025ರ ಮೇ ತಿಂಗಳಲ್ಲಿ, ಹೊರಗಿಂದ ಪೂರ್ತಿ ತಯಾರಾಗಿಯೇ ಬಂತು, ಆಗ ಶೋರೂಮ್ ಬೆಲೆ 53 ಲಕ್ಷ, ಅದರ ಮೇಲೆ ನಮ್ಮ ಕರ್ನಾಟಕದ ರೋಡ್ ಟ್ಯಾಕ್ಸ್ ಬೇರೆ. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 265 ಎಚ್‌ಪಿ, 370 ಎನ್‌ಎಂ ಟಾರ್ಕ್ (ಅಂದರೆ ತಿರುಗಿಸುವ ಬಲ). ಈ ಶಕ್ತಿಯೆಲ್ಲ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ.

ಇಲ್ಲೇ ಇರುವುದು ವಿಷಯ. ಗಾಡಿ ಎಳೆಯುವುದೂ ಅವೇ ಚಕ್ರಗಳು, ತಿರುಗಿಸುವುದೂ ಅವೇ. ಒದ್ದೆ ರಸ್ತೆಯಲ್ಲಿ ಸಿಗ್ನಲ್ ಬಿಟ್ಟ ತಕ್ಷಣ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಚಕ್ರ ಗಿರ್ ಅಂತ ಸುತ್ತುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕುತ್ತದೆ, ಕಂಪ್ಯೂಟರ್ ಶಕ್ತಿ ಕಡಿಮೆ ಮಾಡುತ್ತದೆ. ಒಣ ರಸ್ತೆಯಲ್ಲೂ ಡಾಂಬರು ಏರುತಗ್ಗಾಗಿದ್ದರೆ ಸ್ಟೀರಿಂಗ್ ಕೈಯಲ್ಲಿ ಒಂದು ಕಡೆಗೆ ಜಗ್ಗುತ್ತದೆ. ಇದಕ್ಕೆ ಟಾರ್ಕ್ ಸ್ಟೀರ್ ಅನ್ನುತ್ತಾರೆ. ಹೆದರಬೇಕಿಲ್ಲ, ಚಕ್ರಗಳ ಅಲೈನ್‌ಮೆಂಟ್ ಹೋಗಿದೆ ಅಂತ ಗ್ಯಾರೇಜಿಗೆ ಓಡಬೇಕಾಗಿಯೂ ಇಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ, ಕಾಲು ಮೆಲ್ಲಗೆ ಇಳಿಯಲಿ, ಅಷ್ಟೇ.

ಗೇರ್‌ಬಾಕ್ಸ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಲೇಬೇಕು, ಯಾಕೆಂದರೆ ಹೊಸಬರ ದೂರುಗಳಲ್ಲಿ ಹೆಚ್ಚಿನವು ಇದರ ಮೇಲೇ ಇರುತ್ತವೆ. ಇಂಥದ್ದೇ ಗೇರ್‌ಬಾಕ್ಸ್ ಇರುವ ಗಾಡಿ ತಗೊಂಡ ಗೆಳೆಯನೊಬ್ಬ ಫೋನ್ ಮಾಡಿದ್ದ. "ಸಿಲ್ಕ್ ಬೋರ್ಡ್ ಹತ್ತಿರ ಜರ್ಕ್ ಹೊಡೀತಿದೆ ಕಣೋ, ಗೇರ್‌ಬಾಕ್ಸ್ ಹೋಗಿರಬೇಕು" ಅಂದ. ಏನೂ ಹೋಗಿರಲಿಲ್ಲ. ಇದು ತಾನೇ ಗೇರ್ ಬದಲಿಸುವ ಗೇರ್‌ಬಾಕ್ಸ್, ಇದರಲ್ಲಿ ಏಳು ಗೇರು, ಎರಡು ಕ್ಲಚ್. 1, 3, 5, 7 ಒಂದು ಕ್ಲಚ್ಚಿನದು, 2, 4, 6 ಇನ್ನೊಂದರದು. ನೀವು ಮೂರರಲ್ಲಿ ಹೋಗುತ್ತಿರುವಾಗಲೇ ಮುಂದೆ ನಾಲ್ಕು ಬೇಕಾಗುತ್ತದೆ ಅಂತ ಕಂಪ್ಯೂಟರ್ ಊಹಿಸಿ ಅದನ್ನು ಸಿದ್ಧ ಮಾಡಿ ಇಟ್ಟಿರುತ್ತದೆ, ಆಮೇಲೆ ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿದರೆ ಮುಗಿಯಿತು, ಅದಕ್ಕೇ ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ. ಆದರೆ ಊಹೆ ತಪ್ಪಬಹುದು, ಅಲ್ವಾ? ನೀವು ನಿಧಾನ ಮಾಡುತ್ತಾ ಬಂದಿರಿ, ಅದು ಕೆಳಗಿನ ಗೇರಿಗೆ ಇಳಿಯುವ ಲೆಕ್ಕದಲ್ಲಿದೆ, ಅಷ್ಟರಲ್ಲಿ ಮುಂದಿನ ಆಟೋ ಪಕ್ಕಕ್ಕೆ ಸರಿಯಿತು ಅಂತ ನೀವು ಪೆಡಲ್ ಒತ್ತಿದಿರಿ. ಆಗ ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ದಡ್ ಅಂತ ಎಲ್ಲ ಒಟ್ಟಿಗೆ ಬರುತ್ತದೆ.

ಇಂಚಿಂಚು ಜರುಗುವ ಟ್ರಾಫಿಕ್ಕಿನಲ್ಲಿ ಇನ್ನೊಂದು ತೊಂದರೆ ಇದೆ. ಬ್ರೇಕ್ ಅರ್ಧ ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡುತ್ತಿದ್ದರೆ ಒಳಗೆ ಕ್ಲಚ್ ಉಜ್ಜುತ್ತಲೇ ಇರುತ್ತದೆ. ಹಳೇ ಮ್ಯಾನ್ಯುಯಲ್ ಗಾಡಿಯಲ್ಲಿ ಹಾಫ್ ಕ್ಲಚ್‌ನಲ್ಲಿ ನಿಲ್ಲಿಸಬೇಡ ಅಂತ ಡ್ರೈವಿಂಗ್ ಸ್ಕೂಲಿನವರು ಬೈಯುತ್ತಿದ್ದರಲ್ಲ, ಇದೂ ಅದೇ. ಈ ಗಾಡಿಯ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುವಂಥವು, ಬಿಸಿ ತಡೆಯುತ್ತವೆ, ಆದರೂ ಸುಮ್ನೆ ಯಾಕೆ ಸವೆಸಬೇಕು? ಮುಂದಿನ ಗಾಡಿ ಎರಡು ಕಾರಿನಷ್ಟು ಜಾಗ ಬಿಡುವವರೆಗೆ ಬ್ರೇಕ್ ಹಿಡಿದು ನಿಂತಿರಿ, ಆಮೇಲೆ ಒಂದೇ ಸಲ ಹೋಗಿ ನಿಲ್ಲಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ನನ್ನ ಗೆಳೆಯ ಇಷ್ಟು ಮಾಡಿದ ಮೇಲೆ ಜರ್ಕ್ ಮಾತೇ ಎತ್ತಿಲ್ಲ.

ಸಣ್ಣಪುಟ್ಟ ವಿಚಿತ್ರಗಳು ಬೇಕಾದಷ್ಟಿವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಐಡ್ಲಿಂಗ್, ಅಂದರೆ ಗಾಡಿ ನಿಂತಲ್ಲೇ ಎಂಜಿನ್ ಓಡುವುದು, ಜೋರಾಗಿರುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗದೆ ಕೆಲಸ ಮಾಡುವುದಿಲ್ಲ, ಅದಕ್ಕೆ ಎಂಜಿನ್ ಬೇಕಂತಲೇ ಹಾಗೆ ಓಡುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಸಂಜೆ ಬಂದು ಆಫ್ ಮಾಡಿದ ಮೇಲೂ ಮುಂದಿನ ಫ್ಯಾನ್ ಒಂದೊಂದು ಸಲ ತಿರುಗುತ್ತಲೇ ಇರುತ್ತದೆ, ಬಿಸಿ ಇಳಿಸೋಕೆ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಲಿಫ್ಟ್ ತನಕ ಓಡಿ ಬಂದಿದ್ದರು, "ಸಾರ್, ಗಾಡಿ ಆಫ್ ಮಾಡೋದು ಮರ್ತಿದೀರಾ, ಇನ್ನೂ ಓಡ್ತಾ ಇದೆ" ಅಂತ. ಅವರ ಕಾಳಜಿ ದೊಡ್ಡದು. ಟರ್ಬೊ ಏನು, ಫ್ಯಾನ್ ಯಾಕೆ ತಿರುಗುತ್ತದೆ ಅಂತ ಇಬ್ಬರೂ ಅಲ್ಲೇ ನಿಂತು ಮಾತಾಡಿದೆವು. ಈಗ ಬೇರೆಯವರಿಗೆ ಅವರೇ ವಿವರಿಸುತ್ತಾರೆ.

ಎಸಿಗೆ ಗುಂಡಿಗಳಿಲ್ಲ, ಬೆರಳು ಸವರುವ ಪಟ್ಟಿ ಇದೆ. ಇದು ನನಗೆ ಇಷ್ಟವಿಲ್ಲ, ಮುಂದೆಯೂ ಆಗುವುದಿಲ್ಲ. ರಸ್ತೆಯಿಂದ ಕಣ್ಣು ತೆಗೆಯದೆ ಮುಟ್ಟಿ ತಿಳಿಯುವಂಥ ಗುಂಡಿ ಯಾವತ್ತೂ ಒಳ್ಳೆಯದು. ಕಲಿತುಕೊಳ್ಳಬೇಕಾದ ಗುಣ ಬೇರೆ, ಕಂಪನಿ ಸರಿಪಡಿಸಬೇಕಾದ್ದು ಬೇರೆ. ಇದು ಎರಡನೆಯದು. ಟೈರಿನ ಪಕ್ಕದ ಅಂಚು ಗಿಡ್ಡ, ಗಾಡಿ ನೆಲಕ್ಕೆ ಹತ್ತಿರ. ಬಣ್ಣ ಬಳಿಯದ ನಮ್ಮ ಹಂಪ್‌ಗಳ ಮೇಲೆ ಸ್ವಲ್ಪ ಓರೆಯಾಗಿ ಹತ್ತಿಸಿ.

ಇನ್ನು ನನಗೆ ಬಹಳ ಇಷ್ಟವಾದ ಗುಣ. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಇದು ಚೆನ್ನಾಗಿ ತಿಳಿಯುತ್ತದೆ. ಮಾಮೂಲಿ ಫ್ರಂಟ್ ವೀಲ್ ಗಾಡಿಯಲ್ಲಿ ತಿರುವಿನ ಮಧ್ಯೆ ಆಕ್ಸಿಲರೇಟರ್ ಒತ್ತಿದರೆ ಒಳಗಿನ ಚಕ್ರ ಹಗುರಾಗಿ ಸುಮ್ಮನೆ ಸುತ್ತುತ್ತದೆ, ಮೂಗು ಹೊರಗೆ ಸರಿಯುತ್ತದೆ, ನಮ್ಮ ಕಾಲು ತಾನಾಗಿ ಹಿಂದೆ ಬರುತ್ತದೆ. ಜಿಟಿಐಯಲ್ಲಿ ಮುಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಪಕ್ಕ ಒಂದು ಎಲೆಕ್ಟ್ರಾನಿಕ್ ಕ್ಲಚ್ ಇದೆ. ಅದು ಬಿಗಿಯಾದಾಗ ಶಕ್ತಿ ಹೊರಗಿನ ಚಕ್ರಕ್ಕೆ ಹೋಗುತ್ತದೆ, ಅಲ್ಲಿ ಭಾರ ಇದೆ, ಹಿಡಿತವೂ ಇದೆ. ಹಾಗಾಗಿ ತಿರುವಿನ ನಡುವೆ ಹದವಾಗಿ ಪೆಡಲ್ ಕೊಟ್ಟರೆ ಮೂಗು ಹೊರಗೆ ಹೋಗುವ ಬದಲು ಒಳಗೇ ತಿರುಗುತ್ತದೆ. ವರ್ಷಗಟ್ಟಲೆ ಬೇರೆ ಗಾಡಿ ಓಡಿಸಿದ ಕೈಕಾಲಿಗೆ ಇದು ನಂಬಿಕೆಯೇ ಬರುವುದಿಲ್ಲ. ನಿಧಾನಕ್ಕೆ ನಂಬಿಕೆ ಬರುತ್ತದೆ. ಅದೂ ಭಾರೀ ವೇಗದಲ್ಲಿ ಅಲ್ಲ, ಎದುರಿನಿಂದ ಬಸ್ಸು ಬಂದರೆ ನಿಲ್ಲಿಸಬಹುದಾದ ವೇಗದಲ್ಲೇ. ಆ ಸುಖಕ್ಕೆ ನೂರರ ಮೇಲೆ ಹೋಗಲೇಬೇಕಿಲ್ಲ.

ಮೊದಲ 1000 ಕಿಲೋಮೀಟರ್ ಪೂರ್ತಿ ಒತ್ತಬೇಡಿ, ಆರ್‌ಪಿಎಂ (ಎಂಜಿನ್ ಸುತ್ತುವ ವೇಗ) ಗರಿಷ್ಠದ ಮೂರರಲ್ಲಿ ಎರಡು ಪಾಲು ದಾಟಿಸಬೇಡಿ, ಆಮೇಲೆ 1500ರ ತನಕ ಸ್ವಲ್ಪ ಸ್ವಲ್ಪವೇ ಏರಿಸಿ ಅಂತ ಕಂಪನಿಯ ಕೈಪಿಡಿಯಲ್ಲೇ ಇರುತ್ತದೆ. ಹೊಸ ಟೈರಿಗೂ ಬ್ರೇಕ್ ಪ್ಯಾಡಿಗೂ ಪೂರ್ತಿ ಹಿಡಿತ ಬರೋಕೆ ಒಂದಷ್ಟು ಓಡಬೇಕು. ಇದನ್ನು ಓದುವವರು ಎಷ್ಟು ಜನ? ಗಾಡಿ ಕೈಗೆ ಬಂದ ವಾರಕ್ಕೇ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿ ಇನ್ನೊಂದಿಷ್ಟು ಎಚ್‌ಪಿ ಹಾಕಿಸೋಣ ಅನ್ನುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಇರುವ 265 ಅನ್ನೇ ಇನ್ನೂ ಪರಿಚಯ ಮಾಡಿಕೊಂಡಿಲ್ಲ. ವಾರಂಟಿಯೂ ಹೋಗಬಹುದು, ಎಂಜಿನ್ನಿಗೂ ಹೊಡೆತ.

ನನ್ನ ಆಕ್ಷೇಪ ಮಾರುವವರ ಮೇಲೂ ಇದೆ. ಒಂದು ಕಂಪನಿಯ ಮಾತಲ್ಲ, ಎಲ್ಲ ಕಡೆ ಇದೇ ಕಥೆ. ಡೆಲಿವರಿ ದಿನ ಹಾರ, ಕೇಕು, ಫೋಟೊ, ಒಳಗಿನ ದೀಪದ ಬಣ್ಣ ಬದಲಿಸುವುದು ಹೇಗೆ, ಫೋನ್ ಜೋಡಿಸುವುದು ಹೇಗೆ. ಒದ್ದೆ ರಸ್ತೆಯಲ್ಲಿ ಪೂರ್ತಿ ಬ್ರೇಕ್ ಒತ್ತಿದರೆ ಪೆಡಲ್ ಕಾಲಿಗೆ ಗಡಗಡ ಅನ್ನುತ್ತದೆ, ಆಗ ಕಾಲು ತೆಗೆಯಬಾರದು ಅಂತ ಒಬ್ಬರೂ ಹೇಳುವುದಿಲ್ಲ. ಅರ್ಧ ಕೋಟಿ ದಾಟುವ ಗಾಡಿಗೆ ಅರ್ಧ ದಿನದ ತರಬೇತಿ ಸೇರಿಸಿ ಕೊಡೋಕೆ ಆಗುವುದಿಲ್ಲವೇ? ಒಂದು ಖಾಲಿ ಮೈದಾನ, ಒಂದು ನೀರಿನ ಟ್ಯಾಂಕರ್, ಒಬ್ಬ ಅನುಭವಿ ಡ್ರೈವರ್ ಸಾಕು. ಬೆಂಗಳೂರು–ಮೈಸೂರು ಹೆದ್ದಾರಿ ಕಲಿಯುವ ಜಾಗ ಅಲ್ಲ. ಅಲ್ಲಿ ಮಿತಿ ನೂರು, ಕ್ಯಾಮೆರಾಗಳಿವೆ, 130 ದಾಟಿದರೆ ಎಫ್‌ಐಆರ್ ಹಾಕುವುದಾಗಿ 2024ರಲ್ಲೇ ಪೊಲೀಸರು ಹೇಳಿದ್ದಾರೆ. ಸರಿಯಾದ ನಿರ್ಧಾರ.

ಪೂರ್ತಿ ಒತ್ತಿ ನೋಡಬೇಕು ಅನ್ನುವವರಿಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್ ಇದೆ, ಬೆಂಗಳೂರಿನಿಂದ ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದೊಳಗೆ ಸೇರಬಹುದು. ಮಳೆ ಕಡಿಮೆಯಾದ ಮೇಲೆ ಅಲ್ಲಿನ ಟ್ರ್ಯಾಕ್ ಡೇಗೆ (ಸ್ವಂತ ಗಾಡಿಯನ್ನು ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ) ಹೋಗುವ ಯೋಚನೆಯಲ್ಲಿದ್ದೇನೆ. ಜಿಟಿಐ ಆಗಲಿ, ಆಕ್ಟೇವಿಯಾ ಆರ್‌ಎಸ್ ಆಗಲಿ, ಹಳೇ ಪೋಲೊ ಆಗಲಿ, ಗಾಡಿ ಯಾವುದಾದರೂ ಸರಿ, ಕಲಿಯುವ ಆಸೆ ಇರುವವರು ತಿಳಿಸಿ. ಹೆಲ್ಮೆಟ್ ನಿಮ್ಮದೇ ತನ್ನಿ, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ಮೊದಲೇ ನೋಡಿಸಿಕೊಳ್ಳಿ.