ಸಿಂಗಪುರಕ್ಕೆ ಲೀ ಅವರ ಬಿಗಿಮುಷ್ಟಿ ಬೇಕಿತ್ತೇ?

ಪರ

1965ರ ಆಗಸ್ಟ್ 9. ಮಲೇಷ್ಯಾ ಒಕ್ಕೂಟ ಸಿಂಗಪುರವನ್ನು ಹೊರಹಾಕಿದ ದಿನ ಅದರ ಪ್ರಧಾನಿ ಲೀ ಕುವಾನ್ ಯೂ ಟಿ.ವಿ. ಕ್ಯಾಮೆರಾದೆದುರೇ ಅತ್ತರು. ಅಳದೆ ಇನ್ನೇನು? ಕುಡಿಯುವ ನೀರಿಗೂ ಹೊರಹಾಕಿದವರ ಜೊಹೊರ್ ರಾಜ್ಯದ ಕಡೆಗೇ ಕೈಚಾಚಬೇಕು. ಹಿಂದಿನ ವರ್ಷವಷ್ಟೇ ಮಲಯರೂ ಚೀನೀಯರೂ ಬೀದಿಯಲ್ಲಿ ಹೊಡೆದಾಡಿ ಹೆಣಗಳು ಬಿದ್ದಿದ್ದವು. ಅಂಥ ಊರಿಗೆ ಮೊದಲು ಬೇಕಿದ್ದುದು ಸೂರು, ಶಿಸ್ತು.

ಸೂರಿನ ಕಥೆಯನ್ನೇ ನೋಡಿ. 1961ರಲ್ಲಿ ಬುಕಿತ್ ಹೋ ಸ್ವೀ ಗುಡಿಸಲು ಬಡಾವಣೆ ಸುಟ್ಟು ಸುಮಾರು 16,000 ಜನ ಬೀದಿಗೆ ಬಿದ್ದರು. ವರ್ಷದ ಹಿಂದಷ್ಟೇ ಹುಟ್ಟಿದ್ದ ವಸತಿ ಮಂಡಳಿ ಅದೇ ಬೂದಿಯ ಮೇಲೆ ಫ್ಲಾಟ್‌ಗಳನ್ನು ಎಬ್ಬಿಸಿತು. ಇಂದು ಸಿಂಗಪುರದ ನಿವಾಸಿಗಳಲ್ಲಿ ಶೇ 80ರ ಆಸುಪಾಸಿನವರು ಮಂಡಳಿಯ ಮನೆಗಳಲ್ಲೇ ಇದ್ದಾರೆ. ಇನ್ನು ಲಂಚ. 1986ರಲ್ಲಿ ತನಿಖೆಗೆ ಸಿಕ್ಕಿದ ಸಚಿವ ತೆ ಚಿಯಾಂಗ್ ವಾನ್ ಭೇಟಿ ಕೇಳಿದಾಗ, ತನಿಖೆ ಮುಗಿಯುವವರೆಗೆ ಮುಖ ನೋಡುವುದಿಲ್ಲ ಎಂದುಬಿಟ್ಟರು ಲೀ. ನಮ್ಮಲ್ಲಾದರೆ ಅಂಥವರಿಗೆ ಹಾರ ಹಾಕಿ ಮೆರವಣಿಗೆ ಮಾಡುತ್ತೇವೆ.

ವಿರೋಧ

ಎಸ್.ಎಂ. ಕೃಷ್ಣ ಅವರ ಕಾಲದಿಂದ ಬೆಂಗಳೂರನ್ನು ಸಿಂಗಪುರ ಮಾಡುವ ಮಾತು ಕೇಳುತ್ತಿದ್ದೇವೆ. ಅದರ ಬೆನ್ನಿಗೇ ನಮಗೂ ಒಬ್ಬ ಲೀ ಬೇಕಿತ್ತು ಎಂಬ ನಿಟ್ಟುಸಿರು. ಮನೆ ಕಟ್ಟಿಸಿದ್ದನ್ನು, ಲಂಚಕ್ಕೆ ಮದ್ದು ಅರೆದದ್ದನ್ನು ನಾನೂ ಅಲ್ಲಗಳೆಯುವುದಿಲ್ಲ. ಮನೆ ಕಟ್ಟಲು ಸೆರೆಮನೆ ಏಕೆ ಬೇಕಿತ್ತು ಎಂದಷ್ಟೇ ಕೇಳುತ್ತೇನೆ.

1959ರಿಂದ 31 ವರ್ಷ ಪ್ರಧಾನಿ, ಆಮೇಲೂ 2011ರವರೆಗೆ ಸಂಪುಟದಲ್ಲಿ. 1968ರಿಂದ 1981ರವರೆಗೆ ಸಂಸತ್ತಿನಲ್ಲಿ ಹೆಸರಿಗೊಬ್ಬ ವಿರೋಧ ಪಕ್ಷದವನೂ ಇರಲಿಲ್ಲ. 1981ರಲ್ಲಿ ಆನ್ಸನ್ ಕ್ಷೇತ್ರದಲ್ಲಿ ಗೆದ್ದ ವಿರೋಧ ಪಕ್ಷದ ವಕೀಲ ಜೆ.ಬಿ. ಜೆಯರತ್ನಂ ಅವರನ್ನು ಒಂದರ ಹಿಂದೊಂದು ಬಂದ ಮಾನನಷ್ಟ ಮೊಕದ್ದಮೆಗಳು 2001ರಲ್ಲಿ ದಿವಾಳಿಗೆ ತಂದು ನಿಲ್ಲಿಸಿದವು. ಲಾಠಿ ಎತ್ತುವ ಶ್ರಮವೂ ಇಲ್ಲ.

ಚಿಯಾ ಥೈ ಪೋ ಅವರ ಪಾಡು ಇನ್ನೂ ಘೋರ. ಎಡಪಂಥೀಯ ಬಾರಿಸಾನ್ ಸೋಷಿಯಲಿಸ್ ಪಕ್ಷದ ಈ ಮಾಜಿ ಸಂಸದ 1966ರಲ್ಲಿ ಸೆರೆಯಾದರು. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ, 23 ವರ್ಷ. ಹಿಂಸೆಯ ದಾರಿ ಬಿಟ್ಟೆ ಎಂದು ಬರೆದುಕೊಟ್ಟಿದ್ದರೆ ಬಿಡುಗಡೆ ಸಿಗುತ್ತಿತ್ತು. ಹಿಡಿಯದ ದಾರಿಯನ್ನು ಬಿಟ್ಟೆನೆಂದು ಬರೆಯಲು ಅವರು ಒಪ್ಪಲಿಲ್ಲ. 1989ರಲ್ಲಿ ಹೊರತಂದು, ಪ್ರವಾಸಿಗರು ನಲಿಯುವ ಸೆಂಟೋಸಾ ದ್ವೀಪದ ಕಾವಲುಗಾರನ ಕೋಣೆಯೊಂದರಲ್ಲಿ ಇರಿಸಿದರು. ಈಗ ನೀವು ಕೈದಿಯಲ್ಲವಲ್ಲ ಎಂದು, ದೇಶಕ್ಕೆಲ್ಲ ಸೂರು ಕೊಟ್ಟ ಸರ್ಕಾರ ಆ ಕೋಣೆಗೆ ಅವರಿಂದ ಬಾಡಿಗೆಯನ್ನೂ ವಸೂಲು ಮಾಡಿತು.