ಗದಗಿಗೆ ಟೂರು

"ಟೂರು ಎಲ್ಲಿಗೆ?" ಅಂತ ಅವ್ವ ಕೇಳಿದಳು. "ಗದಗಿಗೆ" ಅಂದೆ. ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ಗದಗಿಗೆ ಮಂದಿ ಕೆಲಸ ಇದ್ರ ಹೋಗ್ತಾರ. ಟೂರಿಗೆ ಹೋಗ್ತಾರೇನು? ಅದೂ ಹಬ್ಬದಾಗ!"

ಅವಳ ಮಾತು ಸುಳ್ಳಲ್ಲ. ನಮ್ಮ ಹುಬ್ಬಳ್ಳಿಯಿಂದ 60 ಕಿಲೋಮೀಟರೂ ಇಲ್ಲದ ಊರು. ಮದುವೆಗೆ, ಕುಬಸಕ್ಕೆ, ಒಮ್ಮೆ ಸಾಲ ಕೇಳೋದಕ್ಕೂ ಹೋಗಿದ್ದೇನೆ. ಸುಮ್ನೆ ಅಂತ ಹೋಗಿದ್ದೇ ಇಲ್ಲ. ಆದರೆ 2024ರ ದಸರೆ ಎಷ್ಟು ಚಂದ ಬಂದಿತ್ತು ನೋಡಿ: ಶುಕ್ರವಾರ ಖಂಡೇಪೂಜೆ, ಶನಿವಾರ ಬನ್ನಿ, ಮೇಲೊಂದು ಭಾನುವಾರ. ಗೋವಾದ ರೂಮುಗಳ ಬಾಡಿಗೆ ನೋಡಿ ಗೆಳೆಯ ಫೋನು ಕೆಳಗಿಟ್ಟ. "ಗದಗಿಗಾದ್ರೂ ಹೋಗೂಣೇನಲೇ?" ಅಂದ. ಆ 'ಆದ್ರೂ'ದಲ್ಲಿ ನಮ್ಮ ಪ್ರವಾಸ ಹುಟ್ಟಿತು.

ಶುಕ್ರವಾರ ಸ್ಕೂಟರು, ಮಿಕ್ಸರು, ವಾಷಿಂಗ್ ಮಷಿನ್ನು ಎಲ್ಲದಕ್ಕೂ ಕುಂಕುಮ, ಚೆಂಡು ಹೂವು ಏರಿಸಿ, ಹೋಳಿಗೆ ಉಂಡು ಹೊರಟೆವು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮು ಇದೆ, ಜಗತ್ತಿನಲ್ಲೇ ಉದ್ದದ್ದು. 2023ರಲ್ಲಿ ಉದ್ಘಾಟನೆ ಆದಾಗ ನಾವೂ ಎದೆಯುಬ್ಬಿಸಿದ್ದೆವು. ಹೋಳಿಗೆ ಉಂಡ ಹೊಟ್ಟೆಯಲ್ಲಿ ಆ ಹೆಮ್ಮೆ ಅಷ್ಟು ಇರೋದಿಲ್ಲ. "ಇದನ್ನ ಇನ್ನೊಂಚೂರು ಎಳದಿದ್ರ ಗದಗಿಗೆ ನಡಕೊಂಡ ಹೋಗಬಹುದಿತ್ತು" ಅಂದ ಗೆಳೆಯ.

ಅಣ್ಣಿಗೇರಿ ಬಂತು. ಪಂಪನ ನಂಟಿನ ಊರು ಅಂತ ನಾನು ಸ್ವಲ್ಪ ಗಂಭೀರನಾದೆ. ಗೆಳೆಯ ಕಿಟಕಿಯಿಂದ ಕೈ ಚಾಚಿ ಶೇಂಗಾ ಕೊಂಡ.

ಗದಗಿನ ಲಾಡ್ಜಿನಲ್ಲಿ ಕಂಪ್ಯೂಟರಿಗೆ ವಿಭೂತಿ, ರಿಜಿಸ್ಟರಿಗೆ ಕುಂಕುಮ. ಲಿಫ್ಟಿನ ಬಾಗಿಲಿಗೆ ಬಾಳೆಕಂಬ ಕಟ್ಟಿದ್ದರು, ಹಾಗಾಗಿ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿದೆವು. ಬಿಸಿನೀರು ಕೇಳಿದರೆ ಮ್ಯಾನೇಜರು ಕೈ ಮುಗಿದ. "ಬಾಯ್ಲರಿಗೂ ಪೂಜಿ ಆಗೈತ್ರಿ ಸರ. ಇವತ್ತ ಅದಕ್ಕ ಸೂಟಿ." ಏನು ಹೇಳೋದು? ಬೆಳಿಗ್ಗೆ ನಾನೂ ಮಿಕ್ಸರಿಗೆ ಸೂಟಿ ಕೊಟ್ಟು ಬಂದವನೇ ಅಲ್ವಾ!

ಶನಿವಾರ ಬೆಳಿಗ್ಗೆ ತ್ರಿಕೂಟೇಶ್ವರನ ಗುಡಿ. ಒಂದೇ ಪೀಠದ ಮೇಲೆ ಮೂರು ಲಿಂಗ. ಪಕ್ಕದ ಸರಸ್ವತಿ ಗುಡಿಯ ಕಂಬಗಳ ಕುಸುರಿ ನೋಡುತ್ತ ನಿಂತರೆ ಹೊತ್ತು ಹೋಗಿದ್ದು ಗೊತ್ತಾಗೋದಿಲ್ಲ. ಮೂರ್ತಿ ಮಾತ್ರ ಭಗ್ನವಾಗಿದೆ. ಮಧ್ಯಾಹ್ನ ಬದನೇಕಾಯಿ ಭಜಿ ತಿಂದೆವು. ಎಷ್ಟು ಅಂತ ಬರೆಯೋದಿಲ್ಲ, ಇದನ್ನು ಮನೆಯಲ್ಲೂ ಓದುತ್ತಾರೆ.

ಸಂಜೆ ವೀರನಾರಾಯಣನ ಗುಡಿ. ಕುಮಾರವ್ಯಾಸನೂ ನಮ್ಮ ಕಡೆಯವನೇ, ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದವನು. ಇಲ್ಲಿನ ಕಂಬಕ್ಕೆ ಒರಗಿ ಕೂತು, ಉಟ್ಟ ಒದ್ದೆ ಬಟ್ಟೆ ಆರುವ ತನಕ ಬರೆಯುತ್ತಿದ್ದನಂತೆ. ಹಾಗೆ ಹತ್ತು ಪರ್ವ! "ಈ ಊರ ಬಿಸಿಲಿಗೆ ಧೋತ್ರ ಅರ್ಧ ತಾಸಿನ್ಯಾಗ ಆರತೈತಿ. ಮಳಗಾಲದಾಗ ಜಾಸ್ತಿ ಬರದಿರಬೇಕು" ಅಂತ ಗೆಳೆಯ ಲೆಕ್ಕ ಹಾಕಿದ. ಆಗ ನನಗೆ ಹೊಳೆಯಿತು: ಪಾಂಡವರು ಆಯುಧ ಬಚ್ಚಿಟ್ಟ ಬನ್ನಿಮರದ ಕಥೆ ವಿರಾಟಪರ್ವದ್ದು, ಅದೂ ಆ ಹತ್ತರಲ್ಲೇ ಇದೆ. ದಸರೆಗೆ ಬೇರೆ ಊರು ಯಾಕೆ ಬೇಕು? ಅವ್ವನಿಗೆ ಹೇಳೋದಕ್ಕೆ ಒಂದು ಪಾಯಿಂಟು ಸಿಕ್ಕಿತು.

ಹೊರಗೆ ಬಂದರೆ ಬೀದಿಯ ತುಂಬಾ ಹೊಸ ಬಟ್ಟೆ, ಕೈಕೈಗೂ ಬನ್ನಿ. ಎಲ್ಲರೂ ಯಾರದೋ ಮನೆಗೆ ಹೊರಟಿದ್ದರು. ನಮಗೆ ಹೋಗೋದಕ್ಕೆ ಮನೆಯಿಲ್ಲ, ಕಾಲಿಗೆ ಬೀಳೋಣವೆಂದರೆ ಹಿರಿಯರಿಲ್ಲ. ಇಬ್ಬರೂ ಮಾತಾಡದೆ ಕಟ್ಟೆಯ ಮೇಲೆ ಕೂತೆವು. ಪಕ್ಕದಲ್ಲಿದ್ದ ಒಬ್ಬ ಅಜ್ಜ ನಮ್ಮನ್ನು ನೋಡಿ ಪಟಕಾ ಸರಿಮಾಡಿಕೊಂಡು ಎದ್ದು ಬಂದರು. "ತಗೋರೆಪಾ, ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಇಬ್ಬರ ಕೈಗೂ ಒಂದೊಂದು ಎಸಳು ಇಟ್ಟರು. ಹುಣಸೆಲೆಗಿಂತ ಸಣ್ಣ ಎಲೆ, ಬುಡದಲ್ಲಿ ಒಂದು ಮುಳ್ಳು. ತಿರುಗಿ ಕೊಡಬೇಕು, ನಮ್ಮ ಹತ್ತಿರ ಇಲ್ಲ! ಗೆಳೆಯ ತಡವರಿಸಿದ. ಅಜ್ಜ ತಮ್ಮ ಜೇಬಿನಿಂದಲೇ ಇನ್ನೊಂದು ಹಿಡಿ ತೆಗೆದು ಕೊಟ್ಟರು. "ಹಿಡೀರಿ, ಈಗ ಇದನ್ನ ನನಗ ಕೊಡ್ರಿ."

ಕೊಟ್ಟೆವು. ಕಾಲಿಗೂ ಬಿದ್ದೆವು. ಉಳಿದದ್ದರಲ್ಲಿ ಸ್ವಲ್ಪ ಲಾಡ್ಜಿನ ಮ್ಯಾನೇಜರಿಗೆ ಕೊಟ್ಟರೆ ಅವನು ಓಡಿ ಹೋಗಿ ಬಾಯ್ಲರ್ ಹಾಕಿಸಿದ.

ಭಾನುವಾರ ಮನೆಗೆ ಬಂದು ಅವ್ವನಿಗೆ ಕೊಡೋಣ ಅಂತ ಹುಡುಕಿದರೆ ಬನ್ನಿ ಇಲ್ಲ. ನಾನು ಸ್ನಾನಕ್ಕೆ ಹೋದಾಗಲೇ ಅಂಗಿ ವಾಷಿಂಗ್ ಮಷಿನ್ನಿಗೆ ಬಿದ್ದಿತ್ತು. ಒಂದು ವಾರ ಟವೆಲ್ಲಿನಲ್ಲಿ, ಸಾಕ್ಸಿನಲ್ಲಿ ಬನ್ನಿ ಎಲೆ ಸಿಗುತ್ತಲೇ ಇತ್ತು. ಅವ್ವ ಬೈಯುತ್ತ ಫಿಲ್ಟರು ಬಿಚ್ಚಿ ತೊಳೆದಳು. ಮಷಿನ್ನಿನ ಹಣೆಯ ಮೇಲಿನ ಕುಂಕುಮ ಮಾತ್ರ ಒರೆಸಲಿಲ್ಲ.